ಕಾಯಿ ಒಡೆದ ಬೋಲ್ಟು

ಕಸಬು ಕಲಿಸುವ ನಮ್ಮ ಶಾಲೆಯಲ್ಲಿ ನನ್ನ ಟ್ರೇಡಿಗೆ ಆ ವರ್ಷ ಸೇರಿದವರು ಮೂರೇ ಜನ. ಅವರಲ್ಲಿ ಇಬ್ಬರು ಬಸ್ ಪಾಸಿಗಾಗಿ ಬಂದವರು. ಹಾಜರಿ ಕೂಗಿದಾಗ ತಲೆಯೆತ್ತಿ "ಎಸ್ ಸರ್" ಅನ್ನುವುದು, ಮತ್ತೆ ಮೊಬೈಲಿನಲ್ಲಿ ತಲೆ ಹುಗಿಯುವುದು, ಅಷ್ಟೇ ಅವರ ವಿದ್ಯಾಭ್ಯಾಸ. ನಾನೂ ಬೈಯುವುದನ್ನು ಬಿಟ್ಟಿದ್ದೆ. ಕಲಿಸಲಿಕ್ಕೆ ಏನಾದರೂ ಉಳಿದಿದ್ದರೆ ತಾನೇ ಬೈಯುವುದು?

ಒಂದು ಕಾಲಕ್ಕೆ ವಾಹನ ವಿದ್ಯುತ್ ವಿಭಾಗದ ಬಡಿಗೇರ ಮಾಸ್ತರ ಅಂತ ನನ್ನ ಹೆಸರು ಹೇಳಿದರೆ ಗದಗ ಸುತ್ತಲಿನ ಗ್ಯಾರೇಜುಗಳಲ್ಲಿ ಎದ್ದು ನಿಲ್ಲುತ್ತಿದ್ದರು. ಲಾರಿಯ ಹಾರ್ನು ಸತ್ತರೆ, ಬಸ್ಸಿನ ಲೈಟು ಮಿಣುಕಿದರೆ, ನಮ್ಮ ಶಾಲೆಯಲ್ಲಿ ಕಲಿತವರು ಒಂದು ಟೆಸ್ಟ್ ಲ್ಯಾಂಪ್ ಹಿಡಿದು ತಂತಿಗುಂಟ ಹೋಗಿ, ದೋಷವನ್ನು ಕಿವಿ ಹಿಡಿದು ಎಳೆದು ತರುತ್ತಿದ್ದರು. ಆಮೇಲೆ ಸಾಕ್ಷಿ ಬಂತು.

ಸಾಕ್ಷಿ ಅಂದರೆ ಅಂಗೈಯಗಲದ ಕಪ್ಪು ಡಬ್ಬಿ. ಈಗ ಹೊಸ ಗಾಡಿ ಅಂದಮೇಲೆ ಅದು ಇರಲೇಬೇಕು. ಒಂದೊಂದು ತಂತಿಯ ಕರೆಂಟನ್ನೂ ಅದೇ ಅಳೆಯುತ್ತದೆ, ದೋಷವನ್ನು ಅದೇ ಹೇಳುತ್ತದೆ, ಅದೇ ಬರೆದಿಟ್ಟು ಹುಬ್ಬಳ್ಳಿಯ ಕೇಂದ್ರಕ್ಕೆ ತಿಳಿಸುತ್ತದೆ. ಮನುಷ್ಯನ ಅಳತೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಎಲ್ಲ ಜೋಡಣೆಗಳಿಗೂ ಸೀಲು. ಸೀಲು ಒಡೆದರೆ ಗಾಡಿ ನಿಂತಲ್ಲೇ ಬಂದ್, ವಿಚಾರಣೆ ಮುಗಿಯಲು ಇಪ್ಪತ್ತೊಂದು ದಿನ. ಸುಳ್ಳು ಯಾಕೆ ಹೇಳಲಿ, ಸಾಕ್ಷಿ ಬಂದಮೇಲೆ ದಾರಿಯಲ್ಲಿ ಗಾಡಿಗಳು ಹೊತ್ತಿ ಉರಿಯುವುದು ನಿಂತಿತು. ಅರೆಬರೆ ಕಲಿತವರು ಹರಿದ ತಂತಿಗೆ ಟೇಪು ಸುತ್ತಿ ಎಷ್ಟು ಮನೆ ಹಾಳು ಮಾಡಿದ್ದರೋ ನನಗೆ ಗೊತ್ತು. ಅವರಲ್ಲಿ ನನ್ನ ಶಿಷ್ಯರೂ ಇದ್ದರು. ಹೀಗಾಗಿ ಜನ ಸಾಕ್ಷಿಯನ್ನು ನಂಬಿದರು. ನಾನೂ ನಂಬಿದೆ. ನಮ್ಮ ಪಾಠ ನಾಲ್ಕಕ್ಕೆ ಇಳಿಯಿತು: ಪ್ಲಗ್ ಚುಚ್ಚುವುದು, ಸಾಕ್ಷಿ ಹೇಳಿದ್ದನ್ನು ಓದುವುದು, ಸಹಿ ಮಾಡುವುದು, ಮತ್ತು ಏನನ್ನೂ ಮುಟ್ಟದಿರುವುದು.

ಆ ಮೂವರಲ್ಲಿ ಮೂರನೆಯವಳು ಜೈತುನಬಿ ನದಾಫ. ಮೂವತ್ತನಾಲ್ಕರ ಹೆಂಗಸು, ಎರಡು ಮಕ್ಕಳ ತಾಯಿ, ಬೆಟಗೇರಿಯಲ್ಲಿ ಗಾದಿ ಹೊಲಿಯುವ ಮನೆತನದವಳು. ಮೊದಲ ದಿನವೇ ಕೇಳಿದ್ದೆ, "ಸಾಯಾಕ ಬಿದ್ದ ಕಸಬು ಇದು. ನಿನಗ್ಯಾಕ ಬೇಕಾತು ತಂಗಿ?"

"ಗಾದಿಯೊಳಗ ಹತ್ತಿ ಎಲ್ಲಿ ಗಂಟಾಗೇತಿ ಅಂತ ಮ್ಯಾಲಿಂದ ಕೈ ಆಡಿಸಿದ್ರ ನನಗ ತಿಳಿತೈತ್ರಿ ಸರ್," ಅಂದಳು. "ತಂತಿಯೊಳಗೂ ಹಂಗ ಏನರ ತಿಳದೀತು ಅಂತ ಬಂದೇನಿ."

ಎಷ್ಟು ವರ್ಷವಾಗಿತ್ತೋ ಇಂಥ ಮಾತು ಕೇಳಿ! ಊಟದ ಬಿಡುವಿನಲ್ಲಿ ಕಪಾಟಿನ ಬೀಗ ತೆಗೆದು, ನನ್ನ ಹಳೆಯ ಮುಳ್ಳಿನ ಮೀಟರನ್ನು ಅವಳ ಕೈಗೆ ಕೊಟ್ಟೆ. ಅಂಗಳದಲ್ಲಿ ಬಿದ್ದಿದ್ದ ಗುಜರಿ ಗಾಡಿಯ ಮೇಲೆ ದಿನಕ್ಕೆ ಅರ್ಧ ತಾಸು ಪಾಠ. ಅವಳಿಗೆ ನಾನು ಕಲಿಸಿದ್ದು ಎರಡೇ ಮಾತು. ಒಂದು, ಯಾರು ಹೇಳಿದರೂ ನಂಬಬೇಡ, ಅಳೆದು ನೋಡು. ಎರಡು, ಹೊರೆ ಹಾಕಿ ಅಳೆ. ಸುಮ್ಮನೆ ನಿಂತ ಎತ್ತುಗಳೆಲ್ಲವೂ ಗಟ್ಟಿಯೇ, ಬಂಡಿಗೆ ಹೂಡಿದಾಗ ಯಾವುದು ಕುಂಟುತ್ತದೆ ನೋಡಬೇಕು. ಲೈಟು, ವೈಪರ್, ಬ್ಲೋವರ್ ಎಲ್ಲ ಹಚ್ಚಿ, ಆಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಬೇಕು.

ಪ್ರತಿ ಶುಕ್ರವಾರ ನಮ್ಮ ಶಾಲೆಗೆ ಡಯಾಲಿಸಿಸ್ ಗಾಡಿ ಬರುತ್ತಿತ್ತು. ಮೂತ್ರಪಿಂಡ ಕೈಕೊಟ್ಟ ಏಳು ಜನರನ್ನು ಮಂಗಳವಾರ, ಗುರುವಾರ, ಶನಿವಾರ ಗದಗದಿಂದ ಹುಬ್ಬಳ್ಳಿಗೆ ಒಯ್ದು, ರಕ್ತ ಶುದ್ಧ ಮಾಡಿಸಿ, ತಿರುಗಿ ತರುವ ಗಾಡಿ ಅದು. ವಾರಕ್ಕೊಮ್ಮೆ ಸಾಕ್ಷಿಯ ವರದಿ ಓದಿ ಸಹಿ ಹಾಕುವುದು ನನ್ನ ಕೆಲಸ. ಆ ಏಳು ಜನರಲ್ಲಿ ನಾಲ್ಕನೆಯ ಸೀಟಿನವಳು ನನ್ನ ಹೆಂಡತಿ ನೀಲವ್ವ.

ಖಂಡೇನವಮಿಯ ಆಯುಧಪೂಜೆಯ ಮರುದಿನ ಶುಕ್ರವಾರ; ದಸರೆಯ ರಜೆಯಾದರೂ ಗಾಡಿಯ ಸಹಿ ತಪ್ಪಿಸುವಂತಿರಲಿಲ್ಲ. ಬಾನೆಟ್ಟಿನ ಮೇಲೆ ಹಿಂದಿನ ದಿನದ ಚೆಂಡುಹೂ ಇನ್ನೂ ಬಾಡಿರಲಿಲ್ಲ. ಚಾಲಕ ಯಮನೂರಪ್ಪ ಚಾ ಕುಡಿಯಲು ಹೋಗಿದ್ದ. ಬಸ್ ಪಾಸಿನವರಿಬ್ಬರೂ ಬಂದಿರಲಿಲ್ಲ. ನಾನು ಪ್ಲಗ್ ಚುಚ್ಚಿದೆ. ಹಸಿರು ದೀಪ, "ದೋಷವಿಲ್ಲ" ಎಂಬ ಅಕ್ಷರ. ಸಹಿ ಮಾಡುತ್ತಿದ್ದಂತೆ ಜೈತುನಬಿ ಕೂಗಿದಳು, "ಸರ್, ಸ್ವಲ್ಪ ಬರ್ರಿಲ್ಲಿ. ಮುಳ್ಳು ಹುಚ್ಚರಂಗ ಕುಣ್ಯಾಕತ್ತೈತಿ."

ಅವಳು ಎಲ್ಲ ಹೊರೆಯನ್ನೂ ಹಚ್ಚಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಗಾಡಿಯ ಮೈಗೆ ಹಿಡಿದಿದ್ದಳು. ಕರೆಂಟು ಬ್ಯಾಟರಿಯಿಂದ ತಂತಿಯಲ್ಲಿ ಹೋಗುತ್ತದೆ, ಮರಳುವಾಗ ಗಾಡಿಯ ಮೈಕಬ್ಬಿಣದಲ್ಲೇ ಬರುತ್ತದೆ. ಆ ಮೈಯನ್ನು ಬ್ಯಾಟರಿಗೆ ಕಟ್ಟಿಹಾಕುವ ದಪ್ಪ ತಂತಿ ಒಂದು ಬೋಲ್ಟಿಗೆ ಬಿಗಿದಿರುತ್ತದೆ. ನಾವು ಅದಕ್ಕೆ ಅರ್ಥ್ ಅನ್ನುತ್ತೇವೆ. ಅಲ್ಲಿ ಹೆಚ್ಚೆಂದರೆ ಪಾಯಿಂಟ್ ಎರಡು ವೋಲ್ಟು ಸೋರಬಹುದು. ಮುಳ್ಳು ಎರಡರ ಹತ್ತಿರ ನಡುಗುತ್ತಿತ್ತು.

"ಸಾಕ್ಷಿಗೆ ಇದು ಕಾಣ್ಲಿಲ್ಲ ಯಾಕ್ರಿ?"

ನಾನು ಬಗ್ಗಿ ನೋಡಿದೆ. ಸಾಕ್ಷಿಯ ಸ್ವಂತ ಅರ್ಥ್ ತಂತಿಯೂ ಅದೇ ಬೋಲ್ಟಿಗೆ ಬಿಗಿದಿತ್ತು. ಅದು ಲೋಕವನ್ನೆಲ್ಲ ಅಳೆಯುವುದು ತಾನು ನಿಂತ ನೆಲದಿಂದ. ಆ ನೆಲವೇ ಮೇಲೆ ಕೆಳಗೆ ಆದರೆ ಅದಕ್ಕೆ ಹೇಗೆ ತಿಳಿಯಬೇಕು? ಹೊರೆ ಇನ್ನಷ್ಟು ಹೆಚ್ಚಿದರೆ ಡಬ್ಬಿಗೇ ಕರೆಂಟು ಸಾಲದೆ ಮೂರ್ಛೆ ಹೋಗುತ್ತದೆ. ಅದು ಮೂರ್ಛೆ ಹೋದರೆ ಗಾಡಿ ನಿಲ್ಲುತ್ತದೆ. ಎಚ್ಚರವಾದ ಕೂಡಲೇ ಹೊರೆ ಇರುವುದಿಲ್ಲ, ಎಲ್ಲ ಸರಿಯಾಗಿಯೇ ಕಾಣುತ್ತದೆ. ನಲವತ್ತು ನಿಮಿಷ ತನ್ನನ್ನು ತಾನೇ ಪರೀಕ್ಷಿಸಿಕೊಂಡು "ದೋಷವಿಲ್ಲ" ಅಂತ ಬರೆದುಕೊಳ್ಳುತ್ತದೆ.

"ಮಳಿ ಬಂದ್ರ ಮುಗೀತು," ಅಂದಳು ಜೈತುನಬಿ. "ವೈಪರ್, ಹೆಡ್‌ಲೈಟ್, ಗ್ಲಾಸಿಗೆ ಗಾಳಿ, ಎಲ್ಲಾ ಒಮ್ಮೆಲೆ ಹಚ್ಚತಾರ. ಗಾಡಿ ನಿಂದ್ರತೈತಿ ಸರ್."

ಬೋಲ್ಟಿನ ಮೇಲಿನ ಪಾರದರ್ಶಕ ಸೀಲಿನ ಒಳಗೆ ಹಸಿರು ಕಿಲುಬು ಹುತ್ತದಂತೆ ಬೆಳೆದಿತ್ತು. ಅವಳು ಸೀಲಿನ ಅಂಚನ್ನು ಉಗುರಿನಿಂದ ಕೆರೆದು ಬೆರಳು ತೋರಿಸಿದಳು. ಕೆಂಪು. "ಕುಂಕಮ ಐತಿ ನೋಡ್ರಿ. ಯಾರೋ ಇದರ ಮ್ಯಾಲನ ಕಾಯಿ ಒಡದಾರ."

ಯಾರೋ ಅಲ್ಲ, ನಾನೇ. ಈ ಗಾಡಿ ಬಂದ ವರ್ಷದಿಂದ ಪ್ರತಿ ಖಂಡೇನವಮಿಗೆ ಅದರ ಬಾನೆಟ್ಟು ಎತ್ತಿ, ಕುಂಕುಮ ಹಚ್ಚಿ, ಚಾಸಿ ಅನ್ನುವ ಕಬ್ಬಿಣದ ಚೌಕಟ್ಟಿನ ಅಂಚಿಗೆ ಕಾಯಿ ಒಡೆದು, ನೀರನ್ನು ಬ್ಯಾಟರಿಯ ಕಡೆ ಚಿಮುಕಿಸುವುದು ನನ್ನ ರೂಢಿ. "ಯಂತ್ರಕ್ಕೂ ಒಂದು ಗುಟುಕು" ಅನ್ನುತ್ತಿದ್ದ ನನ್ನ ಗುರು. ಅವನ ಕಾಲದ ಲಾರಿಗಳಲ್ಲಿ ಆ ಅಂಚಿನಲ್ಲಿ ಬರೀ ಕಬ್ಬಿಣವಿತ್ತು. ಈ ಗಾಡಿಯಲ್ಲಿ ಅಲ್ಲಿ ಅರ್ಥ್ ಬೋಲ್ಟು ಇತ್ತು. ಇಪ್ಪತ್ತಾರು ವರ್ಷ ಅರ್ಥ್ ಪಾಠ ಮಾಡಿದ ಮನುಷ್ಯ, ಕಾಯಿ ಒಡೆಯುವ ಹೊತ್ತಿಗೆ ಕೈ ಎಲ್ಲಿದೆ ಅಂತ ನೋಡಲಿಲ್ಲ. ಥೂ ನನ್ನ!

ಮರುದಿನ ಶನಿವಾರ ನೀಲವ್ವನ ಜೊತೆ ನಾನೂ ಹುಬ್ಬಳ್ಳಿಗೆ ಹೋದೆ. ಆಕಾಶ ನಿರ್ಮಲವಾಗಿತ್ತು, ಗಾಡಿ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಅವಳನ್ನು ಆಸ್ಪತ್ರೆಯ ಹಾಸಿಗೆಗೆ ಸೇರಿಸಿ ಸಾಕ್ಷಿ ಕೇಂದ್ರಕ್ಕೆ ಹೋದೆ. ಒಂದು ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಒಂದು ಗಾಡಿ. ಅದರ ಮುಂದೆ ಕುಳಿತಿದ್ದ ಅಧಿಕಾರಿ ಹೇಮಾ ಅಂಗಡಿ ಹನ್ನೆರಡು ವರ್ಷದ ಹಿಂದೆ ನನ್ನ ಕೈಯಲ್ಲೇ ಕಲಿತವಳು. ಎದ್ದು ಕುರ್ಚಿ ಕೊಟ್ಟಳು, ಚಾ ತರಿಸಿದಳು, ಎಲ್ಲ ಕೇಳಿದಳು.

"ನೀವು ಹೇಳೂದು ಖರೇನ ಇರ್ತೈತ್ರಿ ಸರ್. ನನಗ ಇದನ್ನ ಕಲಿಸಿದವರ ನೀವು. ಆದ್ರ ಮನಷ್ಯಾ ಅಳದದ್ದನ್ನ ಬರಿಯಾಕ ಇದರಾಗ ಜಾಗಾನ ಇಲ್ಲ."

"ಹಂಗಾರ ನಾ ಕಾಗದದಾಗ ಬರದು ಕೊಡ್ತೇನಿ."

"ಕೊಡ್ರಿ. ಕೊಟ್ಟ ಕೂಡ್ಲೇ ಗಾಡಿ ನಿಲ್ಲಸ್ತೀವಿ. ಇಪ್ಪತ್ತೊಂದು ದಿನ. ಬದಲಿ ಗಾಡಿ ಇಲ್ಲ. ಸೀಲ್ ಹತ್ರ ಕಾಯಿ ಒಡದದ್ದು ನೀವ ಅಂತ ಗೊತ್ತಾದ್ರ ನಿಮ್ಮ ಟ್ರೇಡೂ ಹೋಗತೈತಿ."

"ಆ ಏಳು ಮಂದಿ?"

ಅವಳು ಗೋಡೆಯ ಕಡೆ ನೋಡಿದಳು. ಎಲ್ಲವೂ ಹಸಿರು. "ನನಗ್ಯಾಕ ಕೇಳ್ತೀರಿ ಸರ್?" ಅಂದಳು, ಅಳುವ ಹಾಗೆ.

ನಾನು ಬರೆದುಕೊಡಲಿಲ್ಲ. ಏಳು ಜನರ ನೆಪ ಹೇಳಿಕೊಂಡೆ. ಅದು ನೆಪ ಮಾತ್ರ ಅಲ್ಲ, ನಿಜವೂ ಹೌದು. ಆದರೆ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಾನು ಹೆದರಿದ್ದೂ ಅಷ್ಟೇ ನಿಜ.

ಮುಂದಿನ ಶುಕ್ರವಾರ ಜೈತುನಬಿ ಚೀಲದಲ್ಲಿ ಎರಡು ಮೊಳ ದಪ್ಪ ತಂತಿ ತಂದಳು. "ಸೀಲ್ ಮುಟ್ಟೂದ ಬ್ಯಾಡ್ರಿ. ಬ್ಯಾಟರಿ ನೆಗೆಟಿವ್‌ದಿಂದ ಚಾಸಿಗೆ ಬ್ಯಾರೆ ದಾರಿ ಮಾಡಿಬಿಡೂಣು. ಬೋಲ್ಟ್ ಕೆಟ್ರ ಕೆಡ್ಲಿ, ಕರೆಂಟ್ ಈ ದಾರಿಯಿಂದ ಮನಿ ಮುಟ್ಟತೈತಿ."

"ಗುರುತಿಲ್ಲದ ತಂತಿ ಕಂಡ್ರ ಸಾಕ್ಷಿ ಗಾಡಿ ಬಂದ್ ಮಾಡತೈತಿ."

"ಮಾಡಿದ್ದು ನೋಡೀರೇನು?"

"ಇಲ್ಲ. ಪುಸ್ತಕದಾಗ ಐತಿ."

"ಹಂಗಾರ ಅಳದು ನೋಡೂಣಲ್ರಿ. ಯಾರು ಹೇಳಿದ್ರೂ ನಂಬಬ್ಯಾಡ ಅಂದವರು ನೀವ."

"ಬಾಯಿ ಮುಚ್ಚು! ನನಗ ಕಲಸಾಕ ಬರಬ್ಯಾಡ," ಅಂತ ಗದರಿದೆ. ಅವಳ ಕೈಯಿಂದ ಮೀಟರ್ ಕಸಿದು ಕಪಾಟಿಗೆ ಹಾಕಿ ಬೀಗ ಜಡಿದೆ. ಅವಳು ತಂತಿಯನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋದಳು.

ಹಿಂಗಾರಿ ಮಳೆ ಆ ವರ್ಷ ತಡವಾಗಿತ್ತು. ಊರೆಲ್ಲ ಮುಗಿಲು ನೋಡುತ್ತ ಮಳೆ ಬೇಡುತ್ತಿದ್ದರೆ, ನಾನೊಬ್ಬ ಬರಬೇಡ ಅಂತ ಬೇಡಿಕೊಂಡೆ. ಸೋಮವಾರ ಸಂಜೆ ಗಾಳಿ ತಿರುಗಿತು. ಮಂಗಳವಾರ ಬೆಳಿಗ್ಗೆ ಎದ್ದರೆ ಮೋಡ ಮನೆಯ ಮಾಳಿಗೆಗೆ ತಾಗುವಷ್ಟು ಕೆಳಗೆ ಇಳಿದಿತ್ತು.

ಶನಿವಾರದಿಂದ ಮಂಗಳವಾರದವರೆಗಿನ ಅಂತರ ನೀಲವ್ವನಿಗೆ ಯಾವಾಗಲೂ ಕಷ್ಟ. ಆ ದಿನ ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಹೊಸ್ತಿಲ ಮೇಲೆ ಕುಳಿತು ನನ್ನ ಚಪ್ಪಲಿಯಲ್ಲೇ ಕಾಲು ತೂರಿಸಿದಳು.

"ಇವತ್ತ ರೈಲಿಗೆ ಹೋಗೂಣೇನು?" ಅಂದೆ. "ನಾನೂ ಬರ್ತೇನಿ."

"ರೈಲಿನ ಮೆಟ್ಟಲಾ ಹತ್ತೂದ್ರಾಗ ನಾ ಶಿವನ ಪಾದ ಸೇರತೇನಿ. ಬಾಗಲಿಗೆ ಬರೂ ಗಾಡಿ ಬಿಟ್ಟು ಇದ್ಯಾವ ಹೊಸಾ ಹುಚ್ಚು ನಿಮ್ಮದು?" ನಕ್ಕಳು, ಕೆಮ್ಮಿದಳು. ಆಮೇಲೆ ನನ್ನ ಮುಖ ನೋಡಿದಳು. ಮೂವತ್ತು ವರ್ಷ ನೋಡಿದ ಮುಖ. "ಯಾಕ್ರೀ? ಗಾಡಿಗೆ ಏನಾರ ಆಗೇತೇನು?"

ಹೇಳಬೇಕಿತ್ತು. ಹೇಳಿದರೆ ಅವಳು ಉಳಿದ ಆರು ಜನಕ್ಕೂ ಹೇಳುತ್ತಿದ್ದಳು, ಅವರು ಕೇಂದ್ರಕ್ಕೆ ಹೇಳುತ್ತಿದ್ದರು, ಗಾಡಿ ನಿಲ್ಲುತ್ತಿತ್ತು. ಹೀಗೆಲ್ಲ ಲೆಕ್ಕ ಹಾಕುತ್ತಿದ್ದಾಗಲೇ ಹೊರಗೆ ಹಾರ್ನು ಕೇಳಿಸಿತು.

"ಏನೂ ಆಗಿಲ್ಲ," ಅಂದೆ. "ಹೋಗಿ ಬಾ."

ಹತ್ತು ಗಂಟೆಗೆ ಮಳೆ ಹಿಡಿಯಿತು. ಹನ್ನೊಂದಕ್ಕೆ ಯಮನೂರಪ್ಪನ ಫೋನು. ಅಣ್ಣಿಗೇರಿ ದಾಟಿ ಎರಡೂ ಕಡೆ ಎರೆಹೊಲ ಇರುವಲ್ಲಿ ಗಾಡಿ ನಿಂತಿತ್ತು. ಕೇಂದ್ರಕ್ಕೆ ಫೋನ್ ಮಾಡಿದರೆ, "ಗಾಡಿಗೆ ದೋಷವಿಲ್ಲ, ನಮ್ಮ ಗೋಡೆಯ ಮೇಲೆ ಹಸಿರು ಇದೆ, ಹೊರಡಿ" ಎಂಬ ಉತ್ತರ. ದೋಷವಿಲ್ಲದ ಗಾಡಿಗೆ ಸಹಾಯ ಕಳಿಸುವ ನಿಯಮ ಇರಲಿಲ್ಲ. ನಲವತ್ತು ನಿಮಿಷದ ಮೇಲೆ ಗಾಡಿ ಎದ್ದಿತು. ವೈಪರ್ ಹಚ್ಚಿದ, ಮತ್ತೆ ಸತ್ತಿತು. ವೈಪರ್ ಇಲ್ಲದೆ ಹೋಗೋಣವೆಂದರೆ, ಮಳೆಯಲ್ಲಿ ವೈಪರ್ ಆರಿಸಲು ಸಾಕ್ಷಿಯೇ ಬಿಡುವುದಿಲ್ಲ. ಮೂರು ಸಲ ಹೀಗಾಯಿತು. ರಸ್ತೆಯಲ್ಲಿ ಹೋದ ಗಾಡಿಗಳೆಲ್ಲ ಕಿಟಕಿ ಏರಿಸಿಕೊಂಡು ಹೋದವು. ಕೊನೆಗೆ ಸಾಕ್ಷಿಯಿಲ್ಲದ ಹಳೆಯ ಟ್ರ್ಯಾಕ್ಟರ್ ಒಂದು ನಿಂತಿತು. ಟ್ರೇಲರಿನಲ್ಲಿ ತಾಡಪಾಲು ಹೊದಿಸಿ ಏಳು ಜನರನ್ನೂ ಹತ್ತಿಸಿದರು. ನೀಲವ್ವ ಹುಬ್ಬಳ್ಳಿ ಮುಟ್ಟಲಿಲ್ಲ.

"'ಮಾಸ್ತರ್ನ ಬೈಬ್ಯಾಡ್ರಿ, ಅವರು ರೈಲಿಗೆ ಹೋಗೂಣು ಅಂದಿದ್ರು, ನಾನ ಕೇಳಲಿಲ್ಲ' ಅಂತ ಟ್ರೇಲರಿನಾಗ ಅಂದ್ರಿ ನೀಲವ್ವಕ್ಕಾರು," ಅಂತ ಯಮನೂರಪ್ಪ ನನ್ನ ಕಾಲ ಬಳಿ ಕುಳಿತು ಅತ್ತ. ನನ್ನ ಹೆಂಡತಿಯನ್ನು ಕೊಂದದ್ದು ನಾನು. ಬೋಲ್ಟು ಕೆಡಿಸಿದ್ದಕ್ಕಿಂತ ಹೆಚ್ಚಾಗಿ, ಹೊಸ್ತಿಲಲ್ಲಿ ನಿಂತು ಸಾಕ್ಷಿಯ ಮಾತನ್ನೇ ನನ್ನ ಬಾಯಿಂದ ಹೇಳಿ ಕೊಂದೆ. ಕೇಂದ್ರದ ದಾಖಲೆಯಲ್ಲಿ ಆ ದಿನದ ಬಗ್ಗೆ ಒಂದೇ ಸಾಲು ಇದೆ: ದೋಷವಿಲ್ಲ, ಚಾಲಕ ಗಾಡಿ ನಿಲ್ಲಿಸಿದ್ದಾನೆ. ಯಾಕೆ ನಿಲ್ಲಿಸಿದೆ ಅಂತ ಯಮನೂರಪ್ಪನಿಗೆ ನೋಟಿಸು ಬಂತು.

ಹದಿನಾಲ್ಕು ದಿನ ಕಳೆದು ಶಾಲೆಗೆ ಹೋದೆ; ಅಷ್ಟರಲ್ಲಿ ಮತ್ತೆ ಮಳೆಯಾಗಿರಲಿಲ್ಲ. ಊಟದ ಬಿಡುವಿನಲ್ಲಿ ಜೈತುನಬಿ ಕರೆದಳು. ಅಂಗಳದ ಗುಜರಿ ಗಾಡಿಯಲ್ಲೂ ಒಂದು ಸಾಕ್ಷಿ ಇನ್ನೂ ಜೀವಂತವಿತ್ತು. ಅದರ ಅರ್ಥ್ ಬೋಲ್ಟನ್ನು ಅವಳೇ ಉಪ್ಪುನೀರು ಹಾಕಿ ಕೆಡಿಸಿದ್ದಳು. ಆ ಎರಡು ಮೊಳ ತಂತಿಯನ್ನು ನೆಗೆಟಿವ್‌ದಿಂದ ಚಾಸಿಗೆ ಬಿಗಿದು, ಎಲ್ಲ ಹೊರೆಯನ್ನೂ ಹಚ್ಚಿದಳು. ಐದು ನಿಮಿಷ, ಹತ್ತು ನಿಮಿಷ. ಸಾಕ್ಷಿ ಸುಮ್ಮನಿತ್ತು. ಅದರ ಕಣ್ಣಿಗೆ ಆ ತಂತಿ ಬೀಳಲೇ ಇಲ್ಲ.

ನಾನು ಬಗ್ಗಿ ಆ ತಂತಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದೆ.

"ನಿಮ್ಮನ್ನ ಚುಚ್ಚಾಕ ತೋರಿಸಲಿಲ್ರಿ ಸರ್," ಅಂದಳು. ಅವಳ ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು. "ಇನ್ನೂ ಆರು ಮಂದಿ ಅದರಾಗ ಹೋಗಾಕತ್ತಾರ."

ಶುಕ್ರವಾರ ಡಯಾಲಿಸಿಸ್ ಗಾಡಿಗೆ ತಂತಿ ಹಾಕಿದೆವು. ನಾನು ಗಡಿಯಾರ ನೋಡಿದ್ದೆ, ಹಿಡಿದದ್ದು ಆರು ನಿಮಿಷ. ಮೀಟರಿನ ಮುಳ್ಳು ಸೊನ್ನೆಯ ಪಕ್ಕಕ್ಕೆ ಬಂದು ನಿಂತಿತು. ಮುಂದಿನ ವಾರ ಮಳೆ ಬಂತು, ಗಾಡಿ ನಿಲ್ಲಲಿಲ್ಲ. ನಾಲ್ಕನೆಯ ಸೀಟಿಗೆ ಲಕ್ಷ್ಮೇಶ್ವರದ ಒಬ್ಬ ಹೆಣ್ಣುಮಗಳು ಬಂದಳು.

ಇಲ್ಲಿಗೆ ಮುಗಿದಿದ್ದರೆ, ನೀಲವ್ವನ ಸಾವಿನಿಂದ ಆರು ಜನರಿಗಾದರೂ ಒಳ್ಳೆಯದಾಯಿತು ಅಂತ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಮರುವರ್ಷ ಖಂಡೇನವಮಿಗೆ ವಾರ ಇರುವಾಗ ಹೇಮಾ ಅಂಗಡಿಯ ಫೋನು ಬಂತು.

"ಸರ್, ಆದೇಶ ಬಂದೈತ್ರಿ. ನಿಮ್ಮ ಟ್ರೇಡ್ ಮುಚ್ಚತಾರ."

"ಯಾಕವ್ವಾ?"

"ನಿಮ್ಮ ಡಯಾಲಿಸಿಸ್ ಗಾಡಿ ಒಂದು ವರ್ಷದಿಂದ ದೋಷ ಆಗಿ ಒಮ್ಮೆನೂ ನಿಂತಿಲ್ಲಂತ. ಮನಷ್ಯಾರ ಕೈ ಹತ್ತದನ ಇಷ್ಟು ಛಲೋ ಓಡತೈತಿ ಅಂದ್ರ, ದೋಷ ಹುಡುಕೂದನ್ನ ಮನಷ್ಯಾರಿಗೆ ಕಲಿಸೂದು ಯಾಕ ಅಂತ ಬರದಾರ. ಅದೇ ಗಾಡೀನ್ನ ಉದಾಹರಣಿ ಕೊಟ್ಟಾರ್ರಿ."

ತಂತಿಯ ವಿಷಯ ಹೇಳಿದರೆ ಗಾಡಿ ನಿಲ್ಲುತ್ತದೆ, ಏಳು ಜನ ಮನೆಯಲ್ಲಿ ಊದಿಕೊಂಡು ಕೂರುತ್ತಾರೆ. ಹೇಳದಿದ್ದರೆ ನಾವು ಏನೂ ಮಾಡಿಯೇ ಇಲ್ಲ. ಮತ್ತದೇ ಹೊಸ್ತಿಲು. ನಾನು ಮತ್ತೆ ಬಾಯಿ ಮುಚ್ಚಿಕೊಂಡೆ.

ಜೈತುನಬಿಗೆ ಪಾಸಾದ ಕಾಗದ ಬಂತು. ಅದನ್ನು ಕೇಳುವ ಕೆಲಸ ಜಿಲ್ಲೆಯಲ್ಲಿ ಒಂದೂ ಇರಲಿಲ್ಲ. ಅವಳು ತಿರುಗಿ ಗಾದಿ ಹೊಲಿಯಲು ಕುಳಿತಿದ್ದಳು. ಮೀಟರನ್ನು ಬಟ್ಟೆಯಲ್ಲಿ ಸುತ್ತಿ ಅವಳ ಮನೆಗೆ ಒಯ್ದೆ. ಕೈಗೆ ತೆಗೆದುಕೊಂಡಳು, ಮುಳ್ಳಿನ ಗಾಜನ್ನು ಸೆರಗಿನಿಂದ ಒರೆಸಿದಳು, ತಿರುಗಿ ಕೊಟ್ಟಳು.

"ಇದನ್ನ ಇಟ್ಕೊಂಡು ಎಲ್ಲಿ ಹಿಡೀಲ್ರಿ ಸರ್? ಹಿಡದ್ರೂ, ನಾ ಹೇಳಿದ್ದು ಯಾರು ಕೇಳ್ತಾರ?"

ಖಂಡೇನವಮಿಯ ದಿನ ಶಾಲೆಯಲ್ಲಿ ನಾನೊಬ್ಬನೇ. ಬೆಂಚುಗಳನ್ನು ಹಿಂದಿನ ದಿನವೇ ಒಯ್ದಿದ್ದರು. ಯಮನೂರಪ್ಪ ಗಾಡಿ ತೊಳೆದು, ಹೂ ಹಾಕಿ, ಬಾನೆಟ್ಟು ಎತ್ತಿ, ಕುಂಕುಮ ಹಚ್ಚಿ, ಕಾಯಿ ಹಿಡಿದು ನಿಂತಿದ್ದ.

"ಬರ್ರಿ ಮಾಸ್ತರ, ನಿಮ್ಮ ಕೈಲಿಂದನ ಆಗಲಿ. ಕಡೀ ಪೂಜಿ."

"ಇಲ್ಲಿ ಒಡಿಯೂದು ಬ್ಯಾಡೋ ಯಮನೂರಪ್ಪಾ. ಆ ಕಡೆ ಕಲ್ಲಿಗೆ ಒಡಿ."

"ಕಲ್ಲಿಗೆ ಯಾಕ್ರಿ? ಅಕ್ಕಾರು ಹೋದ ದಿನ ಒಂದು ಬಿಟ್ರ, ಈ ಗಾಡಿ ಎಂದರ ನಿಂತೈತೇನು? ಎಲ್ಲಾ ನೀವು ಒಡದ ಕಾಯಿ ಪುಣ್ಯಾ."

"ಕಾಯಿನೀರು ಬೋಲ್ಟ್ ತಿಂತೈತೋ! ನಾ ಕಣ್ಣಾರೆ ನೋಡೇನಿ, ಅಳದೇನಿ."

ಅವನು ನನ್ನನ್ನು ಕನಿಕರದಿಂದ ನೋಡಿದ. ಹೆಂಡತಿ ಸತ್ತವ, ಟ್ರೇಡು ಹೋದವ, ಏನೋ ಬಡಬಡಿಸುತ್ತಾನೆ ಅಂದುಕೊಂಡಿರಬೇಕು. "ಹಂಗಂತ ಸಾಕ್ಷಿ ಹೇಳೇತೇನ್ರಿ?" ಅಂದ, ಮೆಲ್ಲಗೆ.

ಅವನು ಕಾಯಿಯನ್ನು ಹಣೆಗೆ ಮುಟ್ಟಿಸಿ, ಚಾಸಿಯ ಅಂಚಿಗೆ ಹೊಡೆದು, ನೀರನ್ನು ಭಕ್ತಿಯಿಂದ ಬ್ಯಾಟರಿಯ ಕಡೆ ಸುರಿದ. ಅದು ಹಳೆಯ ಬೋಲ್ಟಿನ ಮೇಲೆ ಹರಿದು, ನಾವು ಹಾಕಿದ ತಂತಿಯ ಬುಡಕ್ಕೆ ಇಳಿಯಿತು. ಈ ತಂತಿ ಎರಡು ಮಳೆಗಾಲ ತಡೆದೀತು, ಬಹಳವಾದರೆ ಮೂರು. ಆಮೇಲೆ ಗಾಡಿ ಎಲ್ಲೋ ಎರೆಹೊಲದ ನಡುವೆ ನಿಂತಾಗ, ಯಾಕೆ ನಿಂತಿತು ಅಂತ ಬಗ್ಗಿ ನೋಡಬಲ್ಲವರು ಯಾರೂ ಇರುವುದಿಲ್ಲ.

ಯಮನೂರಪ್ಪ ಒಂದು ಹೋಳು ಕಾಯಿಯನ್ನು ನನ್ನ ಕೈಗಿಟ್ಟು, ವರದಿಯ ಹಾಳೆ ಮುಂದೆ ಮಾಡಿದ. ಪ್ಲಗ್ ಚುಚ್ಚಿದೆ. ಹಸಿರು ದೀಪ ಹತ್ತಿತು. ದೋಷವಿಲ್ಲ ಅಂತ ಬಂತು. ಸಹಿ ಮಾಡಿದೆ.